ಚರ್ಚು ತಟ್ಟಿ ನೋಡುವ ಭಾವ

ನಮ್ಮ ಭಾವನ ಕಣ್ಣಿಗೆ ಈ ಭೂಮಿಯ ಮೇಲಿರುವ ಯಾವ ಕಟ್ಟಡವೂ ನೆಟ್ಟಗಿಲ್ಲ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕೋದೇ ಅವರ ಕೆಲಸ. ವಾರವಿಡೀ ಆಫೀಸಿನಲ್ಲಿ ಹುಡುಕಿದ್ದು ಸಾಲದೆ, ಶನಿವಾರ ಹಳ್ಳಿಗಾಡಿನ ಹಳೇ ಚರ್ಚುಗಳಿಗೆ ಹೋಗಿ ಹುಡುಕುತ್ತಾರೆ. ಎಜುಕೇಶನ್ ಹಿಲ್ ಬಡಾವಣೆಯ ಮನೆಯಿಂದ ಟಾರ್ಚು, ಅಳತೆ ಟೇಪು ಹಿಡಿದು ಹೊರಟರೆ ವಾಪಸ್ ಬರುವುದು ಊಟದ ಹೊತ್ತು ಮೀರಿ, ಅಂಗಿಯ ತುಂಬ ಜೇಡರಬಲೆ ಮೆತ್ತಿಕೊಂಡು.

ಈಗ್ಗೆ ಹತ್ತು ವರ್ಷದ ಹಿಂದೆ ಅಕ್ಕನಿಗೆ ಅನುಮಾನ ಶುರುವಾಯಿತು. ದೇವರಿಗೆ ದೀಪ ಹಚ್ಚಿ ಅಂದರೆ ಸೋಫಾದಿಂದ ಏಳದ ಮನುಷ್ಯ ವಾರವಾರ ಚರ್ಚಿಗೆ ಹೋಗುವುದೆಂದರೇನು? ದೇವರನ್ನೇ ಬದಲಾಯಿಸಿಬಿಟ್ಟರಾ? ಹತ್ತಿರದ ಊರು ಕೆನ್ಮೋರ್‌ನಲ್ಲಿದ್ದ ನನಗೆ ಕಾಲ್ ಮಾಡಿ, "ಒಂದ್ಸಲ ನೀನೂ ಜೊತೆಗೆ ಹೋಗಿ ನೋಡ್ಕೊಂಡು ಬಾರೇ" ಅಂದಳು. ಹೀಗೆ ನಾನು ಗೂಢಚಾರಿಣಿಯಾದೆ.

ಕಾರಿನಲ್ಲಿ ಕೂತ ತಕ್ಷಣ ಭಾವ ನನ್ನನ್ನೇ ಅನುಮಾನಿಸಿದರು. ಅಕ್ಕ ಕಳಿಸಿದಳಾ ಎಂದು ಕೇಳಿದರು. ಇಲ್ಲಪ್ಪ, ವಾಸ್ತುಶಿಲ್ಪದಲ್ಲಿ ಆಸಕ್ತಿ ಅಂದೆ. ನಂಬಲಿಲ್ಲ. ಆದರೂ ದಾರಿಯುದ್ದಕ್ಕೂ ಪಾಠ ಮಾಡಿದರು.

ಹೊಲಗಳ ನಡುವೆ ಪುಟ್ಟದೊಂದು ಬಿಳಿ ಮರದ ಚರ್ಚು. ಚೂಪು ಗೋಪುರ, ಬಿಲ್ಲಿನಂತೆ ಬಾಗಿದ ಕಿಟಕಿಗಳು. ನಾನು ಚೆನ್ನಾಗಿದೆ ಅನ್ನುವಷ್ಟರಲ್ಲಿ ಭಾವ ಗೋಡೆ ತಟ್ಟತೊಡಗಿದ್ದರು. ಬಾಗಿಲ ಮೇಲಿನ ಫಲಕದಲ್ಲಿದ್ದ ಇಸವಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಗೋಡೆಯ ಮೊಳೆ ಹಳೇ ಕಾಲದ ಚೌಕದ್ದು, ಗೋಪುರದ್ದು ಈಚಿನ ದುಂಡು ಮೊಳೆ, ಅಂದಮೇಲೆ ಗೋಪುರ ಆಮೇಲೆ ಬಂದಿದ್ದು. "ಒಟ್ಟಿಗೇ ಕಟ್ಟಿದ್ದು ಅಂತ ಬರೆದು ಜನಕ್ಕೆ ಟೋಪಿ ಹಾಕ್ತಿದಾರೆ" ಅಂದರು.

ಚರ್ಚಿನ ಬೀಗದ ಕೈ ಇಟ್ಟುಕೊಂಡಿದ್ದ ಅಜ್ಜಿ ದೂರದಿಂದ ಇದನ್ನೆಲ್ಲ ನೋಡುತ್ತಿದ್ದರು. ಎಂಬತ್ತು ದಾಟಿದವರು. ಈತ ಇನ್ಶೂರೆನ್ಸ್‌ನವನೋ, ಜಾಗ ಕೊಳ್ಳಲು ಬಂದವನೋ ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ನನ್ನ ಅಕ್ಕನ ಗಂಡ ಅಂದೆ. ಅದರಿಂದ ಅವರ ಅನುಮಾನವೇನೂ ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ಭಾವ ಚರ್ಚಿನ ಮರದ ನೆಲಕ್ಕೂ ಮಣ್ಣಿಗೂ ನಡುವಿನ ಸಂದಿಯಲ್ಲಿ ನುಸುಳಿ, ಮೈಯೆಲ್ಲ ಮಣ್ಣಾಗಿ ಹೊರಬಂದರು. ಮೊದಲ ಸಾಲಿನ ಎಡಗಡೆ ಬೆಂಚಿನ ಕೆಳಗಿನ ತೊಲೆ ಕೊಳೆತಿದೆ, ಅಲ್ಲಿ ಯಾರೂ ಕೂರಬಾರದು ಅಂದರು. ಅಜ್ಜಿ ಮುಖ ಗಂಟಿಕ್ಕಿದರು. ಅದು ಅವರದೇ ಜಾಗ. ಗಂಡನ ಜೊತೆ ಐವತ್ತು ವರ್ಷ ಅಲ್ಲೇ ಕೂತಿದ್ದವರು. ಆತ ತೀರಿಕೊಂಡ ಮೇಲೂ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟೇ ಕೂರುತ್ತಾರಂತೆ. ಬೇರೆ ಬೆಂಚಿಗೆ ಹೋಗಲಾರೆ ಅಂದರು.

ಎಲ್ಲದಕ್ಕೂ ಪುರಾವೆ ಕೇಳುವ ಭಾವ ಇದಕ್ಕೆ ಏನೂ ಕೇಳಲಿಲ್ಲ. ಅಜ್ಜಿಯ ಒಪ್ಪಿಗೆ ಪಡೆದು, ಪೇಟೆಯಿಂದ ಭಾರ ಎತ್ತುವ ಜಾಕು, ದಪ್ಪ ಮರದ ತುಂಡು ತಂದು, ಸಂಜೆಯವರೆಗೆ ನೆಲದಡಿ ಮಲಗಿ ತೊಲೆಗೆ ಆಸರೆ ಕೊಟ್ಟರು.

ಮರುದಿನ ಭಾನುವಾರ ಬೆಳಿಗ್ಗೆ ಭಾವ ಮನೆಯಲ್ಲಿ ಕಾಣೆ. ಅಕ್ಕ ನನ್ನನ್ನು ಹತ್ತಿಸಿಕೊಂಡು ನೇರ ಚರ್ಚಿಗೇ ಡ್ರೈವ್ ಮಾಡಿದಳು. ಒಳಗೆ ಹತ್ತು ಜನ ಹಾಡುತ್ತಿದ್ದರು. ಮೊದಲ ಸಾಲಿನಲ್ಲಿ ಅಜ್ಜಿ ಇದ್ದರು, ಭಾವ ಇರಲಿಲ್ಲ. ಹೊರಗೆ ಒಂದು ಸುತ್ತು ಹಾಕಿದರೆ, ನೆಲದಡಿಯಿಂದ ಎರಡು ಶೂ ಹೊರಚಾಚಿದ್ದವು. ಅಕ್ಕ ಬಗ್ಗಿ, ಇಲ್ಲೇನು ಮಾಡ್ತಿದೀರಿ ಅಂದಳು.

"ಮೆಲ್ಲಗೆ ಮಾತಾಡೇ. ನಾನು ಕೊಟ್ಟ ಆಸರೆ ಮೇಲೆ ನನಗೇ ನಂಬಿಕೆ ಇಲ್ಲ. ಅಜ್ಜಿ ಎದ್ದ ಮೇಲೆ ಬರ್ತೀನಿ."

ಅಕ್ಕ ಒದ್ದೆ ಹುಲ್ಲಿನ ಮೇಲೆ, ಆ ಎರಡು ಶೂಗಳ ಪಕ್ಕದಲ್ಲಿ, ಹಾಡು ಮುಗಿಯುವವರೆಗೂ ಕೂತಿದ್ದಳು.