ಕೆಟಲ್ಲಿನೊಳಗಿನ ಹೊಟ್ಟೆ

ಎಲ್ಲಕ್ಕೂ ಕಾರಣ ಒಂದು ಸ್ಟೀಲ್ ಕೆಟಲ್.

ಕಂಪ್ಯೂಟರ್ ಚಿತ್ರಗಳಲ್ಲಿ ಯಾವ ವಸ್ತುವಿನ ಮೇಲೆ ಬೆಳಕು ಹೇಗೆ ಹೊಳೆಯಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಅದಕ್ಕೇ ಆಫೀಸಿನಲ್ಲಿ ಅವನಿಗೆ ಪಾಲಿಶ್ ಎಂದೇ ಹೆಸರು. “ನಾಳೆ ಗಿರಾಕಿಗೆ ನಮ್ಮ ಹೊಸ ಪ್ರೋಗ್ರಾಂ ತೋರಿಸ್ಬೇಕು. ಬೆಳಿಗ್ಗೆ ಎಲ್ರೂ ಮನೆಯಿಂದ ಒಂದೊಂದು ಹೊಳೆಯೋ ಸಾಮಾನಿನ ಫೋಟೋ ಕಳಿಸಿ. ಎಲ್ರೂ ಅಂದ್ರೆ ಎಲ್ರೂ,” ಎಂದಿದ್ದರು ಸಾಹೇಬರು.

ಪಾಲಿಶ್ ಸ್ನಾನ ಮುಗಿಸಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡೇ ಕೆಟಲ್ ಮುಂದೆ ಮೊಬೈಲ್ ಹಿಡಿದ.

“ಒಂದು ಶರ್ಟಾದ್ರೂ ಹಾಕ್ಕೊಳ್ರೀ,” ಎಂದಳು ಹೆಂಡತಿ.

“ಫೋಟೋ ಕೆಟಲ್ಲಿಂದು ಕಣೇ, ನನ್ನದಲ್ಲ!”

ಕಳಿಸಿಯೂ ಆಯಿತು. ಬಸ್ಸಿನಲ್ಲಿ ಕೂತು ಅದೇ ಫೋಟೋ ಹಿಗ್ಗಿಸಿ ನೋಡಿದ. ಕೆಟಲ್ಲಿನ ಉಬ್ಬಿನಲ್ಲಿ ಕಿಟಕಿ, ಬಲ್ಬು, ನಡುವೆ ನಾದಿಟ್ಟ ಹಿಟ್ಟಿನಂಥ ಹೊಟ್ಟೆ!

ಆಫೀಸಿಗೆ ಓಡಿಬಂದು, ಫೋಟೋಗಳನ್ನು ನೋಡಿಕೊಳ್ಳುವ ಹುಡುಗಿಯ ಕಿವಿಯಲ್ಲಿ, “ನಾನು ಕಳಿಸಿದ ಫೋಟೋ ಅಳಿಸಿಬಿಡಮ್ಮಾ,” ಎಂದ.

“ಯಾಕೆ ಸಾರ್? ಏನಿದೆ ಅದರಲ್ಲಿ?” ಅವಳು ಗಟ್ಟಿಯಾಗಿ ಕೇಳಿದ್ದೇ ತಡ, ಅಕ್ಕಪಕ್ಕದ ಮೂರು ಕುರ್ಚಿಗಳು ತಿರುಗಿದವು.

“ಏನಿಲ್ಲ... ಕೆಟಲ್ ಸರಿಯಾಗಿ ತೊಳೆದಿರಲಿಲ್ಲ.”

“ಇರಲಿ ಬಿಡಿ, ಕಂಪ್ಯೂಟರಿಗೆ ಕೊಳೆಯೂ ಬೇಕು,” ಎಂದು ಕ್ಯಾಮೆರಾದವನು ತೀರ್ಪು ಕೊಟ್ಟ.

ಅಷ್ಟರಲ್ಲಿ ಗಿರಾಕಿ ಬಂದೇಬಿಟ್ಟರು. ಮೀಟಿಂಗ್ ಕೋಣೆಯಲ್ಲಿ ಎಲ್ಲರೂ ಕೂತರು. “ಈ ಪ್ರೋಗ್ರಾಂ ಫೋಟೋ ನೋಡಿ ವಸ್ತುವಿನ ಹೊಳಪನ್ನೇ ಬೇರೆ, ಅದರಲ್ಲಿ ಕಾಣೋ ಸುತ್ತಲಿನ ಬಿಂಬವನ್ನೇ ಬೇರೆ ಮಾಡತ್ತೆ,” ಎಂದು ಸಾಹೇಬರು ವಿವರಿಸಿದರು. ಪಾಲಿಶ್ ಮೇಜಿನ ಕೆಳಗೆ ಕಾಲು ಚಾಚಿ, ಕಂಪ್ಯೂಟರಿನದೆಂದುಕೊಂಡು ಪ್ಲಗ್ ಕಿತ್ತ. ನಿಂತದ್ದು ಫ್ಯಾನು.

ಗೋಡೆಯಗಲದ ಪರದೆ ಬೆಳಗಿತು. ಎಡಕ್ಕೆ ಬರೀ ಹೊಳಪು ಉಳಿದ ಬೂದು ಗುಂಡು. ಬಲಕ್ಕೆ ಬಿಂಬ: ಕಿಟಕಿ, ಬಲ್ಬು, ಗುಡಾಣದಂಥ ಹೊಟ್ಟೆ, ಅದರ ಕೆಳಗೆ ಟವೆಲ್. ಮುಖ ಇರಬೇಕಾದ ಕಡೆ ಮೊಬೈಲ್.

ಯಾರೋ ಕಿಸಕ್ಕೆಂದರು.

“ಯಾರಪ್ಪಾ ಇದು?” ಎಂದರು ಗಿರಾಕಿ.

ಪಾಲಿಶ್ ಎದ್ದು ನಿಂತ. ನಾಚಿಕೆಗೆ ಕಿವಿಗಳೆರಡೂ ಕಾದ ಇಸ್ತ್ರಿಪೆಟ್ಟಿಗೆಯಂತಾಗಿದ್ದವು. “ನಾನೇ ಸಾರ್. ತಪ್ಪಾಯ್ತು. ಇಂಥ ಅಸಹ್ಯ ಹೊಟ್ಟೆ ತೋರಿಸಿ ಆಫೀಸಿನ ಮಾನ ಕಳೆದೆ. ನೋಡೋಕೇ ಹೇಸಿಗೆಯಾಗತ್ತೆ.”

ಸಾಹೇಬರು ತಲೆ ತಗ್ಗಿಸಿಬಿಟ್ಟರು.

“ಅಯ್ಯೋ, ಇದು ನೀವಲ್ಲ ಸಾರ್,” ಎಂದಳು ಹುಡುಗಿ. “ಇದು ಸಾಹೇಬ್ರ ಮನೆ ಫ್ಲಾಸ್ಕು. ನಿಮ್ಮ ಕೆಟಲ್ ಮುಂದಿನದು.”

ಸಾಹೇಬರ ತಲೆ ಮೆಲ್ಲಗೆ ಮೇಲೆದ್ದಿತು.

“ಹಾಕಮ್ಮಾ,” ಎಂದರು, “ಸ್ವಲ್ಪ ದೊಡ್ಡದಾಗೇ ಹಾಕು.”