ಐರನ್ ಪೈಕ್ ಮೇಲೊಂದು ದೂರು

ಶನಿವಾರ ಬೆಳಿಗ್ಗೆ, ಬಚ್ಚಲುಮನೆಯಲ್ಲಿ, ಗ್ಲೆನ್ ಥಾರ್ಸನ್‌ನ ಗಂಟಲು ಕೈಕೊಟ್ಟಿತು. ಕಾಲು ಶತಮಾನದ ಹಿಂದೆ ಅಮೆರಿಕದ ಡಲೂತ್ ಊರಿನ ಕಿಟಕಿಗಳನ್ನು ಅದುರಿಸಿದ ಕೂಗಿನ ಗಂಟಲು ಅದು. 'ಐರನ್ ಪೈಕ್' ಎಂಬ ರಾಕ್ ತಂಡ ನಿಂತಿದ್ದೇ ಆ ಕೂಗಿನ ಮೇಲೆ. ಈಗ ಬಾಯಿ ತೆರೆದರೆ ಎಣ್ಣೆ ಕಾಣದ ಬಾಗಿಲಿನಂಥ ಸದ್ದು ಹೊರಟಿತು.

ಸೋಮವಾರ ಧ್ವನಿಮುದ್ರಣ. ಮುರಿದುಬಿದ್ದಿದ್ದ ತಂಡ ಮತ್ತೆ ಒಂದಾಗಿ ಹೊರತರುತ್ತಿದ್ದ ಆಲ್ಬಂನಲ್ಲಿ ಹತ್ತು ಹಾಡು. ಹತ್ತರಲ್ಲೂ ಆ ಕೂಗು.

"ನನ್ನಿಂದಾಗದು" ಎಂದುಬಿಡಬಹುದಿತ್ತು. ಆದರೆ ರಾಕ್ ತಂಡ ಒಡೆದರೆ, ಒಡೆದವನೊಬ್ಬ ಬೇಕೇ ಬೇಕು. ಹಿಂದಿನ ಸಲ ಆ ಕಿರೀಟ ಗ್ಲೆನ್‌ನ ತಲೆಗೇ ಬಿದ್ದಿತ್ತು. ಇವತ್ತಿಗೂ ಮೀನಿನ ಗಾಳ ಕೊಳ್ಳಲು ಹೋದರೆ ಅಂಗಡಿಯವನು, "ಒಡೆದವನು ನೀನೇ ಅಲ್ವಾ?" ಎಂದು ಕೇಳದೆ ಚಿಲ್ಲರೆ ಕೊಡುತ್ತಿರಲಿಲ್ಲ. ಇನ್ನೊಮ್ಮೆ ಆ ಹೆಸರು ಹೊರಲು ಅವನು ಸಿದ್ಧನಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅಂದಿನ ತಾಲೀಮು ಅವನ ಗ್ಯಾರೇಜಿನಲ್ಲೇ. ಪಕ್ಕದ ಮನೆಯ ಆರ್ಲೀನ್ ಪಾವ್ಲಾಕ್, ಮರದೆಲೆ ಜೋರಾಗಿ ಉದುರಿದರೂ ಪೊಲೀಸರನ್ನು ಕರೆಯುವ ಹೆಂಗಸು. ಪೊಲೀಸರೇ ಬಂದು ಹಾಡು ನಿಲ್ಲಿಸಿದರೆ ತಪ್ಪು ತನ್ನ ತಲೆಗೆ ಬರದು ಎಂದುಕೊಂಡು ಗ್ಲೆನ್ ಬೇಲಿಯ ಬಳಿ ಹೋದ.

"ಆರ್ಲೀನ್, ಇವತ್ತು ನಮ್ಮಲ್ಲಿ ತುಂಬಾ ಗಲಾಟೆ ಇರುತ್ತೆ."

"ಇರ್ಲಿ ಬಿಡಯ್ಯ."

"ನಿಮ್ಮ ನಾಯಿ ಹೆದರ್ಕೊಳ್ಳುತ್ತೇನೋ."

"ಅದಕ್ಕೆ ಕಿವಿ ಕೇಳ್ಸಲ್ಲ."

"ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಪೊಲೀಸರಿಗೆ ಹೇಳ್ತಿದ್ದೆ."

"ಹೇಳ್ತೀಯ, ಹೇಳ್ತೀಯ. ತಂಡ ಒಡೆದೋನಲ್ವಾ ನೀನು."

ತಾಲೀಮು ಶುರುವಾಗುವಷ್ಟರಲ್ಲಿ ಆಕೆ ಇಡೀ ಬೀದಿಯನ್ನು ಮಡಚು ಕುರ್ಚಿಗಳ ಸಮೇತ ಎಬ್ಬಿಸಿ ತಂದು, ಆಲೂಗಡ್ಡೆ, ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್ ತುಂಬಿದ ದೊಡ್ಡ ಪಾತ್ರೆಯನ್ನು ಗ್ಲೆನ್‌ನ ಕಾರಿನ ಮೇಲೆ ಸ್ಥಾಪಿಸಿದ್ದಳು.

ಕೂಗಿನ ಜಾಗ ಬಂದಾಗ ಗ್ಲೆನ್ ಕೆಮ್ಮಿದ. ಆರ್ಲೀನ್ ಜೇನುತುಪ್ಪ ತಂದಳು. ಮತ್ತೆ ಕೆಮ್ಮಿದ. ಯಾರೋ ಅಂಗಿಯೊಳಗೆ ಕೈಹಾಕಿ ಎದೆಗೆ ಮುಲಾಮು ತಿಕ್ಕಿದರು. ಮೂರನೆಯ ಕೆಮ್ಮಿಗೆ ನಿವೃತ್ತ ಪಶುವೈದ್ಯನೊಬ್ಬ ಟಾರ್ಚ್ ಹಿಡಿದು, "ಬಾಯಿ ತೆಗಿ, ನಾಲಿಗೆ ಚಾಚು" ಎಂದ. ಬಾಲವನ್ನೊಂದು ಎತ್ತಿ ನೋಡಲಿಲ್ಲ, ಅಷ್ಟೆ.

ಗ್ಲೆನ್ ಶೌಚಾಲಯಕ್ಕೆ ನುಗ್ಗಿ ಚಿಲಕ ಹಾಕಿ, ತಾನೇ ಪೊಲೀಸರಿಗೆ ಫೋನ್ ಮಾಡಿ, ಹೆಸರು ಹೇಳದೆ, ಹೆಂಗಸಿನ ದನಿಯಲ್ಲಿ ದೂರು ಕೊಟ್ಟ. ಆ ದನಿ ಮಾತ್ರ ಸೊಗಸಾಗಿ ಬಂತು. ಅವನ ಹಿಂದೆಯೇ ತಂಡದ ಉಳಿದ ಮೂವರೂ ಒಬ್ಬೊಬ್ಬರಾಗಿ ಅಲ್ಲಿಗೆ ಹೋಗಿಬಂದರು. ಅರವತ್ತು ದಾಟಿದ ರಾಕ್ ತಂಡದಲ್ಲಿ ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ.

ಕೊನೆಗೆ ಪೊಲೀಸ್ ಅಧಿಕಾರಿ ನಿಯೆಮಿ ಬಂದಳು. "ನಿಲ್ಸಿ ಸಾರ್. ನಾಲ್ಕು ದೂರು ಬಂದಿದೆ."

"ನಾಲ್ಕಾ?" ಆರ್ಲೀನ್ ಎದ್ದುನಿಂತಳು. "ಬೀದಿಯೋರೆಲ್ಲ ಇಲ್ಲೇ ಕೂತಿದೀವಿ. ಇನ್ಯಾವನಮ್ಮ ಅಯೋಗ್ಯ?"

"ಹೆಸರು ಹೇಳಿಲ್ಲ. ನಂಬರ್ ಇದೆ. ಈಗ ಗಲಾಟೆ ನಿಂತಿದೆ, ಸಾಕಾ ಅಂತ ಕೇಳ್ಬಿಡ್ತೀನಿ." ಕಡೆಯ ನಂಬರಿನಿಂದ ಶುರುಮಾಡಿದಳು.

ಡ್ರಮ್ ಬಾರಿಸುವ ಡ್ವೇನ್‌ನ ಜೇಬು ರಿಂಗಾಯಿತು.

ಎಲ್ಲರೂ ಅವನನ್ನೇ ನೋಡಿದರು. "ಭುಜ ಎತ್ತೋಕಾಗ್ತಿಲ್ಲ ಕಣ್ರೋ," ಎಂದು ಡ್ವೇನ್ ಕಡ್ಡಿ ಕೆಳಗಿಟ್ಟ.

ಮುಂದಿನದು ಗಿಟಾರಿನ ಕರ್ಟ್‌ನ ಜೇಬು. "ನಂಗೆ ಬೆರಳು ಮಡಚಲ್ಲ."

ಆಮೇಲಿನದು ಬೇಸ್ ಗಿಟಾರ್ ನುಡಿಸುವ ಮರ್ಲ್‌ನದು. ಅದು ರಿಂಗಾಗುತ್ತಲೇ ಇತ್ತು; ಕರ್ಟ್ ತಿವಿದು ಹೇಳಬೇಕಾಯಿತು. "ಕಿವಿ ಹೋಗಿ ಎಷ್ಟೋ ವರ್ಷ ಆಯ್ತಪ್ಪ," ಎಂದ ಮರ್ಲ್. "ಇಷ್ಟೊತ್ತು ಯಾವ ಹಾಡು ನುಡಿಸ್ತಿದ್ರಿ?"

ಗ್ಲೆನ್ ತನ್ನ ಫೋನನ್ನು ತಾನೇ ಎತ್ತಿ ಹಿಡಿದ. "ನಾಲ್ಕನೇದು ನಾನೇ. ಕೂಗು ಬರ್ತಿಲ್ಲ."

ಮೊದಲು ನಕ್ಕವನು ಡ್ವೇನ್. ಆಮೇಲೆ ನಾಲ್ವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಲ್ಬಂ ರದ್ದು, ಸೋಮವಾರ ರಜೆ, ಯಾರದೂ ತಪ್ಪಿಲ್ಲ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಗ್ಲೆನ್‌ನ ಎದೆ ಹಗುರಾಯಿತು.

"ಅದ್ಸರಿ," ಎಂದಳು ಆರ್ಲೀನ್, "ಮೊದ್ಲು ದೂರು ಕೊಟ್ಟೋರ್ಯಾರು?"

ಅಧಿಕಾರಿ ಫೋನ್ ನೋಡಿದಳು. "ಇವರೇ. ಈ ಹಾಡೋ ಸಾರ್."

ಮೂವರು ಮುದುಕರ ಮುಖದಲ್ಲೂ ಹಬ್ಬದ ಕಳೆ ಏರಿತು. ಡ್ವೇನ್ ಬಹಳ ಅಕ್ಕರೆಯಿಂದ ಗ್ಲೆನ್‌ನ ಬೆನ್ನ ಮೇಲೆ ಕೈಯಿಟ್ಟ. "ಬೇಜಾರ್ ಮಾಡ್ಕೋಬೇಡ ಕಣೋ. ಪೇಪರಿನೋರಿಗೆ ಏನಾದ್ರೂ ಒಂದು ಹೇಳ್ಬೇಕಲ್ಲ."

"ಏನಂತೆ?" ಎಂದ ಮರ್ಲ್, ಕಿವಿಗೆ ಕೈ ಆನಿಸಿ.

ಕರ್ಟ್ ಗ್ಲೆನ್‌ನತ್ತ ಬೆರಳು ತೋರಿಸಿದ.

"ಥೂ," ಎಂದ ಮರ್ಲ್. "ಮತ್ತೆ ಇವನೇನಾ?"