ಆರುನೂರು ಓಮ್

ರೇವಣಸಿದ್ದಯ್ಯನ ಫಜೀತಿಗೆ ಕಾರಣ ಒಂದೇ ಒಂದು ಅಕ್ಷರ. ಅವೆನ್ಯೂ ರಸ್ತೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡ ವಿಲಾಯತಿ ಹೆಡ್‌ಫೋನು, ವಿದ್ಯುತ್ ತಡೆಯ ಲೆಕ್ಕದಲ್ಲಿ, ಆರುನೂರು ಓಮಿನದು. ಅದಕ್ಕೆ ಹೊಂದುವ ಆಂಪ್ಲಿಫೈಯರ್ ಸಿಗದಿದ್ದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೂ ಕೇಳಿಸದು ಎಂದು ಅಂಗಡಿಯ ಮುದುಕ ಎಚ್ಚರಿಸಿದ್ದ. ಹೊಸದನ್ನು ಕೊಳ್ಳುವುದು ಗುಮಾಸ್ತನ ಸಂಬಳಕ್ಕೆ ನಿಲುಕದ ಮಾತು. ಕಾಫಿ ಬಿಟ್ಟು, ಊರೆಲ್ಲ ಅಲೆದು, ಬ್ಯಾಡರಹಳ್ಳಿಯ ಕಡೆ ಮುಚ್ಚಿಹೋಗಿದ್ದ ಟೆಂಟ್ ಸಿನಿಮಾದ ಆಂಪ್ಲಿಫೈಯರನ್ನೇ ಪತ್ತೆಮಾಡಿ, ಎಪ್ಪತ್ತೆರಡನೇ ಇಸವಿಯ ಆ ಭಾನುವಾರ ಬೆಳಿಗ್ಗೆ ಸೈಕಲ್ಲಿಗೆ ಕಟ್ಟಿಕೊಂಡು ರಾಜಾಜಿನಗರದ ವಠಾರಕ್ಕೆ ತಂದ. ಅವನ ಹಟವನ್ನು ಮೆಚ್ಚಲೇಬೇಕು.

ಸಂಜೆ ರೇಡಿಯೋದಲ್ಲಿ ವೀಣಾ ಕಛೇರಿಯಿತ್ತು. ನೆರೆಹೊರೆಯವರ ಕೆಮ್ಮು, ಜಗಳ, ಒನಕೆ ಸದ್ದು ಯಾವುದೂ ಬೆರೆಯದೆ ಒಂದು ಕಛೇರಿಯನ್ನಾದರೂ ಪೂರ್ತಿ ಕೇಳಬೇಕೆಂಬುದು ಅವನ ಬಹುದಿನದ ಆಸೆ.

ನಲ್ಲಿಯ ಹತ್ತಿರ ಮುಖ ತೊಳೆಯುತ್ತ ಸಂತೋಷಕ್ಕೆ "ಆರುನೂರು ಓಮ್, ಆರುನೂರು ಓಮ್" ಎಂದುಕೊಂಡದ್ದು ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮನವರ ಕಿವಿಗೆ ಬಿತ್ತು.

"ಆರುನೂರೇ ಬೇಕೇನಪ್ಪ? ನೂರೆಂಟು ಸಾಲ್ದಾ?"

"ಸಾಲಲ್ಲಮ್ಮ. ಸರಿಯಾಗಿ ಆರುನೂರು ಇದ್ರೇನೇ ನಾದ ಕಿವಿ ತುಂಬೋದು."

"ಯಾರು ಹೇಳ್ಕೊಟ್ರು?"

"ಪೇಟೇಲಿ ಒಬ್ರು ವಯಸ್ಸಾದೋರು ಇದಾರೆ. ಮಾತು ಕಮ್ಮಿ. ಇಂಥದ್ರಲ್ಲಿ ಅವ್ರನ್ನ ಬಿಟ್ರೆ ಇನ್ನೊಬ್ರಿಲ್ಲ."

ಆಕೆ ಕೊಡವನ್ನು ಅಲ್ಲೇ ಬಿಟ್ಟು ವಠಾರದ ಮಾಲೀಕರಾದ ಜಂಬಣ್ಣನವರ ಮನೆಗೆ ನಡೆದರು.

ಮಧ್ಯಾಹ್ನ ರೇವಣಸಿದ್ದಯ್ಯ ರೇಡಿಯೋವನ್ನು ಆಂಪ್ಲಿಫೈಯರಿಗೆ, ಅದನ್ನು ಹೆಡ್‌ಫೋನಿಗೆ ಜೋಡಿಸಿ ಕಿವಿಗೇರಿಸಿದ. ಶಹನಾಯಿ ಬರುತ್ತಿತ್ತು. ಆ ಸುಖವನ್ನು ಏನೆಂದು ಹೇಳುವುದು! ವಾದಕರು ಉಸಿರೆಳೆದುಕೊಂಡದ್ದೂ ಕೇಳಿಸಿತು. ಕಣ್ಣು ತಾನಾಗಿ ಮುಚ್ಚಿತು, ಕೆನ್ನೆ ಒದ್ದೆಯಾಯಿತು. ಕಿಟಕಿಯಲ್ಲಿ ಅರ್ಧ ವಠಾರ ಕೈಮುಗಿದು ನಿಂತದ್ದು ಮಾತ್ರ ತಿಳಿಯಲಿಲ್ಲ.

ಜಂಬಣ್ಣನವರು ಒಳಗೆ ಬಂದು ಮೆಲ್ಲಗೆ ಭುಜ ಮುಟ್ಟಿದರು. ನಿನ್ನೆಯವರೆಗೂ "ಏನಯ್ಯಾ" ಎನ್ನುತ್ತಿದ್ದವರು ಇವತ್ತು, "ನೀವು ಆರುನೂರು ಓಂಕಾರ ಜಪಿಸೋ ಅಂಥೋರು ಅಂತ ಗೊತ್ತಿರ್ಲಿಲ್ಲ ಸ್ವಾಮಿ" ಎಂದರು. "ಇವತ್ತು ಸಂಜೆಯಿಂದ್ಲೇ ಜಗಲೀಲಿ ಭಜನೆ. ನಿಮ್ಮ ಈ ಪೆಟ್ಟಿಗೆಗೆ ಹಾರ್ನ್ ಸ್ಪೀಕರ್ ಸಿಕ್ಕಿಸ್ಬೋದಂತಲ್ಲ?"

"ಸಾರ್, ಓಮ್ ಅಂದ್ರೆ ನೀವು ಅಂದ್ಕೊಂಡಿರೋದಲ್ಲ. ಅದು ಕರೆಂಟಿಗೆ ಬರೋ ತಡೆ."

"ಸಾಧನೆ ಅಂದ್ಮೇಲೆ ತಡೆ ಬಂದೇ ಬರತ್ತೆ. ನಾವೆಲ್ಲ ಇದೀವಲ್ಲ, ಬಿಡಿ."

ಬಾಡಿಗೆ ಮನೆಯವನು ಮಾಲೀಕರಿಗೆ ಎದುರಾಡುವುದುಂಟೆ? ಆಂಪ್ಲಿಫೈಯರ್ ಜಗಲಿಗೆ ಹೋಯಿತು. ವೀಣೆಯ ಹೊತ್ತಿಗೆ ಸರಿಯಾಗಿ ಹಾರ್ನು ಬಾಯಿ ತೆರೆಯಿತು. ತಾಳ, ಜಾಗಟೆ, ಜಂಬಣ್ಣನವರ ಗಂಟಲು ಎಲ್ಲ ಸೇರಿ ಗೋಡೆಯ ಸುಣ್ಣ ಉದುರತೊಡಗಿತು. ಪಾಪ, ರೇವಣಸಿದ್ದಯ್ಯನಿಗೆ ಅಳುವೇ ಬಂತು.

ಕೊನೆಗೆ ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ಹೆಡ್‌ಫೋನನ್ನು ಬಿಗಿಯಾಗಿ ಹಾಕಿಕೊಂಡ. ವಿಲಾಯತಿ ಮೆತ್ತೆಯ ಗುಣವೇ ಗುಣ. ಗದ್ದಲವೆಲ್ಲ ನಿಂತುಹೋಯಿತು. ಬದುಕಿದೆನಪ್ಪಾ ಎಂದು ಕಣ್ಣುಮುಚ್ಚಿದ.

ಮಂಗಳಾರತಿ ತಟ್ಟೆ ತಂದ ವೆಂಕಟಲಕ್ಷ್ಮಮ್ಮನವರು ಬಾಗಿಲಲ್ಲೇ ನಿಂತುಬಿಟ್ಟರು. ಹೆಡ್‌ಫೋನಿನ ತಂತಿ ಯಾವುದಕ್ಕೂ ಸೇರದೆ ಚಾಪೆಯ ಮೇಲೆ ಬಿದ್ದಿತ್ತು.

"ಜಂಬಣ್ಣನೋರೇ, ಬನ್ನಿ ಇಲ್ಲಿ. ತಂತಿ ಇಲ್ದೇನೇ ಕೇಳಿಸ್ಕೊತಾ ಇದಾರೆ."

ಜಂಬಣ್ಣನವರು ಓಡಿಬಂದು ನೋಡಿದರು. ಅವರ ಕಣ್ಣೂ ತುಂಬಿತು. "ಈ ಮಟ್ಟಕ್ಕೆ ಏರಿದೋರಿಗೆ ಪೆಟ್ಟಿಗೆ ಯಾಕೆ? ಸ್ವಾಮಿ, ಅದು ಭಜನೆಗೇ ಇರ್ಲಿ ಅಂತೀನಿ. ದಿನಾ ಸಂಜೆ ಇದೇ ಹೊತ್ತಿಗೆ. ಆಗ್ಬೋದಾ?"

ರೇವಣಸಿದ್ದಯ್ಯ ಕಣ್ಣು ತೆರೆದ. ಜಂಬಣ್ಣನವರ ತುಟಿ ಆಡುತ್ತಿತ್ತು, ಮಾತು ಒಂದೂ ಕೇಳಿಸಲಿಲ್ಲ. ಪಾಪ, ಕ್ಷಮೆ ಕೇಳಲು ಬಂದಿದ್ದಾರೆಂದುಕೊಂಡು, ದೊಡ್ಡ ಮನಸ್ಸು ಮಾಡಿ, ಆಗಲಿ ಎಂದು ತಲೆಯಾಡಿಸಿದ.